ಮುಚ್ಚಿದ ನಾಡಿಗೆ ಕಾಲ್ನಡಿಗೆ

ಹಿಮಾಲಯದ ಉತ್ತರ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ ಹಬ್ಬಿಕೊಂಡಿರುವ ವಿಶಾಲವಾದ ಪ್ರಸ್ಥಭೂಮಿಯೇ ಟಿಬೆಟ್. ಅದರ ದಕ್ಷಿಣಕ್ಕೆ ಹಿಮಾಲಯವೂ ಉತ್ತರಕ್ಕೆ ಕುನ್‌ಲುನ್ ಪರ್ವತಶ್ರೇಣಿಯೂ ಕೋಟೆಯ ಗೋಡೆಗಳಂತೆ ನಿಂತಿವೆ. ಪೂರ್ವದಲ್ಲಿ ಮೆಕಾಂಗ್, ಸಾಲ್ವೀನ್ ಮೊದಲಾದ ಮಹಾನದಿಗಳು ಕೊರೆದ ಆಳವಾದ ಕಮರಿಗಳಿವೆ. ಸಿಂಧೂ ಮತ್ತು ಬ್ರಹ್ಮಪುತ್ರಾ ನದಿಗಳ ತೌರುಮನೆಯೂ ಈ ನಾಡೇ. ಇದರ ನಡುವೆ, ಸುಮಾರು ೩,೬೫೦ ಮೀಟರ್ ಎತ್ತರದ ಒಂದು ಕಣಿವೆಯಲ್ಲಿ, ಲ್ಹಾಸಾ ನಗರವಿದೆ. ನಗರದ ಅಂಚಿನ ಗುಡ್ಡವೊಂದರ ಮೇಲೆ ದಲಾಯಿ ಲಾಮಾ ಅವರ ಪ್ರಾಚೀನ ಅರಮನೆಯಾದ ಪೊಟಾಲಾ ತಲೆಯೆತ್ತಿ ನಿಂತಿದೆ.

ನಿಸರ್ಗವು ಕಟ್ಟಿದ ಈ ಗೋಡೆಗಳನ್ನು ಹತ್ತಿ ಇಳಿಯಬಹುದಾಗಿತ್ತು. ಆದರೆ ಮನುಷ್ಯರು ಕಟ್ಟಿದ ಗೋಡೆಯು ಅದಕ್ಕಿಂತಲೂ ಎತ್ತರವಾಗಿತ್ತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಟಿಬೆಟ್ಟಿನ ಆಡಳಿತವು ಪಾಶ್ಚಾತ್ಯರನ್ನು ಒಳಗೆ ಬಿಡಲು ಒಪ್ಪಲಿಲ್ಲ. ಹೊರಗಿನವರು ಬಂದರೆ ಅವರ ಹಿಂದೆ ಸೈನ್ಯವೂ ಬರುವುದೆಂಬ ಭಯ ಅವರಿಗಿತ್ತು. ಆ ಭಯವು ಸುಳ್ಳಾಗಲಿಲ್ಲ. ೧೯೦೪ರಲ್ಲಿ ಬ್ರಿಟಿಷರ ದಂಡೊಂದು ಯಂಗ್‌ಹಸ್ಬೆಂಡನ ನೇತೃತ್ವದಲ್ಲಿ ಲ್ಹಾಸಾವನ್ನು ಪ್ರವೇಶಿಸಿ, ಅಲ್ಲಿ ಒಪ್ಪಂದವೊಂದಕ್ಕೆ ಸಹಿ ಹಾಕಿಸಿಕೊಂಡಿತು. ಬ್ರಿಟಿಷರ ಸಮ್ಮತಿಯಿಲ್ಲದೆ ಬೇರೆ ರಾಷ್ಟ್ರಗಳ ಪ್ರತಿನಿಧಿಗಳನ್ನು ಒಳಗೆ ಬಿಡಕೂಡದೆಂಬುದು ಅದರ ಷರತ್ತುಗಳಲ್ಲಿ ಒಂದು. ಹೀಗೆ ಒಳಗಿನವರು ಹಾಕಿದ್ದ ಅಗಳಿಗೆ ಹೊರಗಿನವರೂ ಒಂದು ಬೀಗ ಜಡಿದಂತಾಯಿತು. ಅನುಮತಿಪತ್ರವಿಲ್ಲದೆ ಬಂದವರನ್ನು ಗಡಿಯ ಠಾಣೆಗಳಲ್ಲಿ ತಡೆದು ಹಿಂದಕ್ಕೆ ಅಟ್ಟುತ್ತಿದ್ದರು.

ಇಂಥ ನಾಡಿನ ರಾಜಧಾನಿಗೆ ೧೯೨೪ರ ಫೆಬ್ರವರಿಯಲ್ಲಿ ಬಡ ಯಾತ್ರಿಕರಿಬ್ಬರು ನಡೆದುಕೊಂಡು ಬಂದರು. ಅವರಲ್ಲಿ ಒಬ್ಬನು ಇಪ್ಪತ್ತೈದರ ಹರೆಯದ ಲಾಮಾ. ಇನ್ನೊಬ್ಬಳು ಅವನ ಮುದಿ ತಾಯಿ ಎಂದು ದಾರಿಯಲ್ಲಿ ಕಂಡವರೆಲ್ಲರೂ ನಂಬಿದ್ದರು. ಹರಕು ಬಟ್ಟೆಯನ್ನುಟ್ಟು, ಬೆನ್ನ ಮೇಲೆ ಗಂಟು ಹೊತ್ತು, ಕೈಯಲ್ಲಿ ಕೋಲು ಹಿಡಿದು ಬಂದ ಆ ಹೆಂಗಸು ಪ್ಯಾರಿಸ್ಸಿನ ಬಳಿ ಹುಟ್ಟಿದ ಫ್ರೆಂಚ್ ವಿದುಷಿ ಅಲೆಕ್ಸಾಂಡ್ರಾ ಡೇವಿಡ್-ನೀಲ್ ಎಂಬುದು ಯಾರಿಗೂ ತಿಳಿಯಲಿಲ್ಲ. ಆಗ ಆಕೆಗೆ ಐವತ್ತೈದು ವರ್ಷ. ಲ್ಹಾಸಾ ನಗರವನ್ನು ಕಂಡ ಮೊದಲ ಯುರೋಪಿಯನ್ ಮಹಿಳೆ ಆಕೆಯೇ. ಆಕೆಯ ಹಿಂದೆ ಸರ್ಕಾರವಿರಲಿಲ್ಲ, ಸೈನ್ಯವಿರಲಿಲ್ಲ, ಯಾವ ಸಂಘದ ಬೆಂಬಲವೂ ಇರಲಿಲ್ಲ. ಹೀಗಿರುವಾಗ ಆ ನಾಡಿನ ಬಾಗಿಲು ಆಕೆಗೆ ತೆರೆದುದಾದರೂ ಹೇಗೆ?

ಅಲೆಕ್ಸಾಂಡ್ರಾ ಹುಟ್ಟಿದ್ದು ೧೮೬೮ರ ಅಕ್ಟೋಬರ್ ೨೪ರಂದು. ದೂರದ ನಾಡುಗಳ ಹಂಬಲವು ಬಾಲ್ಯದಿಂದಲೇ ಆಕೆಯನ್ನು ಕಾಡುತ್ತಿತ್ತು. ತಾರುಣ್ಯದಲ್ಲಿ ಆಕೆ ಪ್ಯಾರಿಸ್ಸಿನ ಗೀಮೆ ವಸ್ತುಸಂಗ್ರಹಾಲಯದ ಗ್ರಂಥಭಂಡಾರದಲ್ಲಿ ಕುಳಿತು ಪೌರಸ್ತ್ಯ ಗ್ರಂಥಗಳನ್ನು ಓದಿದಳು, ಸಂಸ್ಕೃತವನ್ನು ಕಲಿತಳು, ಬೌದ್ಧಧರ್ಮದಲ್ಲಿ ಆಳವಾದ ಶ್ರದ್ಧೆಯನ್ನು ಬೆಳೆಸಿಕೊಂಡಳು. ಇಪ್ಪತ್ತರ ಹರೆಯದಲ್ಲಿಯೇ ಒಮ್ಮೆ ಭಾರತಕ್ಕೆ ಬಂದು ಹೋದಳು. ಹೊಟ್ಟೆಪಾಡಿಗಾಗಿ ಕೆಲವು ಕಾಲ ಸಂಗೀತನಾಟಕಗಳಲ್ಲಿ ಗಾಯಕಿಯಾಗಿ ದುಡಿದಳು. ೧೯೦೪ರಲ್ಲಿ ಟ್ಯೂನಿಸ್ ನಗರದಲ್ಲಿ ರೈಲ್ವೆ ಎಂಜಿನಿಯರ್ ಫಿಲಿಪ್ ನೀಲ್ ಅವರನ್ನು ಮದುವೆಯಾದಳು. ಆದರೆ ಗೃಹಜೀವನದ ನೆಮ್ಮದಿಯು ಆಕೆಯ ಜ್ಞಾನದಾಹವನ್ನು ತಣಿಸಲಿಲ್ಲ. ೧೯೧೧ರಲ್ಲಿ, ಹದಿನೆಂಟು ತಿಂಗಳಲ್ಲಿ ಹಿಂದಿರುಗುವೆನೆಂದು ಪತಿಗೆ ಮಾತು ಕೊಟ್ಟು ಆಕೆ ಏಷ್ಯಾಕ್ಕೆ ಹೊರಟಳು. ಹಿಂದಿರುಗಿದ್ದು ೧೯೨೫ರಲ್ಲಿ! ಈ ಹದಿನಾಲ್ಕು ವರ್ಷಗಳ ಕಾಲ ಪತಿಯು ಆಕೆಗೆ ಹಣ ಕಳುಹಿಸುತ್ತಿದ್ದರು. ಆಕೆ ತಾನು ಕಂಡುಂಡುದನ್ನೆಲ್ಲ ಪತ್ರಗಳಲ್ಲಿ ಅವರಿಗೆ ಬರೆಯುತ್ತಿದ್ದಳು.

೧೯೧೨ರಲ್ಲಿ ಹದಿಮೂರನೆಯ ದಲಾಯಿ ಲಾಮಾ ಅವರು ದೇಶಭ್ರಷ್ಟರಾಗಿ ಕಾಲಿಂಪಾಂಗ್‌ನಲ್ಲಿ ತಂಗಿದ್ದರು. ಅಲೆಕ್ಸಾಂಡ್ರಾ ಅವರನ್ನು ಅಲ್ಲಿ ಭೇಟಿ ಮಾಡಿದಳು. ಬೌದ್ಧಧರ್ಮವನ್ನು ಕುರಿತು ಆಕೆ ಕೇಳಿದ ಪ್ರಶ್ನೆಗಳಿಂದ ಅವರು ಬೆರಗಾದರು. ಟಿಬೆಟನ್ ಭಾಷೆಯನ್ನು ಕಲಿಯುವಂತೆ ಹೇಳಿದರು. ಆಕೆ ಆ ಮಾತನ್ನು ಗುರೂಪದೇಶದಂತೆ ಸ್ವೀಕರಿಸಿದಳು. ಸಿಕ್ಕಿಂನ ಉತ್ತರದಲ್ಲಿ ಲಾಚೆನ್ ಎಂಬ ಹಳ್ಳಿಯಿದೆ. ಅಲ್ಲಿನ ತಪಸ್ವಿ ಲಾಮಾ ಒಬ್ಬರನ್ನು ಆಶ್ರಯಿಸಿ, ಸುಮಾರು ನಾಲ್ಕು ಸಾವಿರ ಮೀಟರ್ ಎತ್ತರದ ಗುಹೆಯೊಂದರಲ್ಲಿ ವಾಸಿಸುತ್ತ, ಹಿಮದ ನಡುವೆ ಆಕೆ ಭಾಷೆಯನ್ನೂ ಧ್ಯಾನವನ್ನೂ ಅಭ್ಯಾಸ ಮಾಡಿದಳು. ಯೋಂಗ್ದೆನ್ ಎಂಬ ಸಿಕ್ಕಿಂನ ಹುಡುಗ ಹದಿನೈದನೆಯ ವಯಸ್ಸಿನಲ್ಲಿ ಸೇವಕನಾಗಿ ಆಕೆಯ ಬಳಿಗೆ ಬಂದದ್ದು ಆಗಲೇ. ಮುಂದೆ ಅವನು ಲಾಮಾ ಆದನು, ಆಕೆಯ ಸಂಗಾತಿಯಾದನು, ಕೊನೆಗೆ ಆಕೆಯ ದತ್ತುಪುತ್ರನಾದನು.

ಗುಹೆಯಿಂದ ಟಿಬೆಟ್ಟಿನ ಗಡಿಯು ಹೆಚ್ಚು ದೂರವಿರಲಿಲ್ಲ. ೧೯೧೬ರಲ್ಲಿ ಆಕೆ ಅನುಮತಿಯಿಲ್ಲದೆ ಗಡಿಯನ್ನು ದಾಟಿ ಷಿಗಾತ್ಸೆ ಪಟ್ಟಣಕ್ಕೆ ಹೋದಳು. ಅಲ್ಲಿನ ತಾಷಿಲ್ಹುನ್ಪೊ ವಿಹಾರದಲ್ಲಿ ಪಂಚನ್ ಲಾಮಾ ಅವರು ಆಕೆಯನ್ನು ಆದರದಿಂದ ಬರಮಾಡಿಕೊಂಡರು. ಆದರೆ ಈ ಸುದ್ದಿ ಬ್ರಿಟಿಷ್ ಅಧಿಕಾರಿಗಳಿಗೆ ತಲುಪಿತು. ಸಿಕ್ಕಿಂ ಬಿಟ್ಟು ಹೋಗಬೇಕೆಂದು ಅವರು ಆಜ್ಞಾಪಿಸಿದರು. ಅಷ್ಟೇ ಅಲ್ಲ, ಆಕೆಯ ಪ್ರಯಾಣವನ್ನು ವರದಿ ಮಾಡಲಿಲ್ಲವೆಂಬ ಕಾರಣಕ್ಕೆ ಲಾಚೆನ್ ಹಳ್ಳಿಯ ಬಡಜನರಿಗೆ ದಂಡ ವಿಧಿಸಿದರು. ದಾಟಿದವಳು ಒಬ್ಬಳು, ತೆತ್ತವರು ಹಳ್ಳಿಯವರು.

ಈ ಘಟನೆಯನ್ನು ಮರೆಯುವಂತಿಲ್ಲ. ಮುಚ್ಚಿದ ನಾಡಿನಲ್ಲಿ ಸಂಚರಿಸುವವನಿಗಿಂತ ಅವನಿಗೆ ಮನೆಯ ಬಾಗಿಲು ತೆರೆದವರಿಗೇ ಅಪಾಯ ಹೆಚ್ಚು. ಇದಕ್ಕೆ ಇನ್ನೂ ದಾರುಣವಾದ ನಿದರ್ಶನವೊಂದು ಹಿಂದೆಯೇ ನಡೆದಿತ್ತು. ಬಂಗಾಳದ ವಿದ್ವಾಂಸರಾದ ಶರತ್‌ಚಂದ್ರ ದಾಸರು ೧೮೮೧–೮೨ರಲ್ಲಿ ಟಿಬೆಟ್ಟಿಗೆ ಹೋಗಿದ್ದಾಗ ಸೆಂಗ್‌ಚೆನ್ ಲಾಮಾ ಎಂಬ ಉದಾರ ಹೃದಯದ ಧರ್ಮಗುರು ಅವರಿಗೆ ಆಶ್ರಯ ನೀಡಿದ್ದರು. ಆ ಅತಿಥಿಯು ಬ್ರಿಟಿಷರಿಗಾಗಿ ಮಾಹಿತಿಯನ್ನು ಸಂಗ್ರಹಿಸುತ್ತಿದ್ದರೆಂಬುದು ಅನಂತರ ಬಯಲಾಯಿತು. ಅತಿಥಿಯು ಆ ವೇಳೆಗೆ ಸುರಕ್ಷಿತವಾಗಿ ಭಾರತ ಸೇರಿದ್ದರು. ಆತಿಥ್ಯ ನೀಡಿದ ಲಾಮಾ ಅವರನ್ನು ಸೆರೆಯಲ್ಲಿಟ್ಟು, ೧೮೮೭ರಲ್ಲಿ ನದಿಯಲ್ಲಿ ಮುಳುಗಿಸಿ ಕೊಂದರು. ಲ್ಹಾಸಾದ ಹಾದಿಯಲ್ಲಿ ಹೆಜ್ಜೆಯಿಡುವ ಪ್ರತಿಯೊಬ್ಬರ ಹಿಂದೆಯೂ ಇಂಥದೊಂದು ನೆರಳು ಬೀಳುತ್ತಿತ್ತು.

ಸಿಕ್ಕಿಂನಿಂದ ಹೊರಬಿದ್ದ ಅಲೆಕ್ಸಾಂಡ್ರಾ ಹತಾಶಳಾಗಲಿಲ್ಲ. ದಕ್ಷಿಣದ ಬಾಗಿಲು ಮುಚ್ಚಿದರೆ ಪೂರ್ವದ ಬಾಗಿಲನ್ನು ತಟ್ಟುವೆನೆಂದು ಆಕೆ ನಿಶ್ಚಯಿಸಿದಳು. ಯೋಂಗ್ದೆನ್‌ನೊಡನೆ ಜಪಾನ್, ಕೊರಿಯಾಗಳನ್ನು ಹಾದು ಚೀನಾಕ್ಕೆ ಬಂದಳು. ಅಲ್ಲಿಂದ ಟಿಬೆಟ್ಟಿನ ಈಶಾನ್ಯದ ಅಂಚಿನಲ್ಲಿದ್ದ ಕುಂಬುಮ್ ವಿಹಾರವನ್ನು ತಲುಪಿ, ಸುಮಾರು ಎರಡೂವರೆ ವರ್ಷ ಗ್ರಂಥಗಳ ಅಧ್ಯಯನದಲ್ಲಿ ಕಳೆದಳು. ೧೯೨೧ರಲ್ಲಿ ಆ ವಿಹಾರವನ್ನು ಬಿಟ್ಟ ಮೇಲೆ ಒಂದಕ್ಕಿಂತ ಹೆಚ್ಚು ಸಲ ಆಕೆ ಲ್ಹಾಸಾದ ಕಡೆಗೆ ಹೊರಟಳು. ಪ್ರತಿ ಸಲವೂ ಅಧಿಕಾರಿಗಳು ತಡೆದರು. ಆಳುಗಳು, ಹೇಸರಗತ್ತೆಗಳು, ಸಾಮಾನಿನ ಪೆಟ್ಟಿಗೆಗಳು—ಇವುಗಳೊಡನೆ ಸಾಗುವ ತಂಡವು ದೂರದಿಂದಲೇ ಕಣ್ಣಿಗೆ ಬೀಳುತ್ತಿತ್ತು. ಸೋಲುಗಳಿಂದ ಆಕೆ ಒಂದು ಪಾಠ ಕಲಿತಳು: ಈ ನಾಡಿನಲ್ಲಿ ಯಾರೂ ಪ್ರಶ್ನಿಸದೆ ಬಿಡುವುದು ಬಡವನನ್ನು ಮಾತ್ರ.

ಟಿಬೆಟ್ಟಿನಲ್ಲಿ ‘ಅರ್ಜೋಪಾ’ ಎಂಬ ಯಾತ್ರಿಕರಿದ್ದರು. ಅವರು ಪುಣ್ಯಕ್ಷೇತ್ರದಿಂದ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತ, ಭಿಕ್ಷೆಯಿಂದ ಹೊಟ್ಟೆ ಹೊರೆಯುತ್ತಿದ್ದರು. ಇಂಥ ಯಾತ್ರಿಕರ ಗುಂಪುಗಳು ಚೀನಾದ ಯುನ್ನಾನ್ ಪ್ರಾಂತದ ಗಡಿಯಲ್ಲಿರುವ ಖಾವಾ ಕಾರ್ಪೊ ಎಂಬ ಪವಿತ್ರ ಪರ್ವತಕ್ಕೆ ಪ್ರದಕ್ಷಿಣೆ ಬರುತ್ತಿದ್ದವು. ಆ ಜನಪ್ರವಾಹದಲ್ಲಿ ಇನ್ನೆರಡು ಹನಿಗಳಾಗಿ ಸೇರಿಹೋಗಲು ಅಲೆಕ್ಸಾಂಡ್ರಾ ಮತ್ತು ಯೋಂಗ್ದೆನ್ ತೀರ್ಮಾನಿಸಿದರು.

೧೯೨೩ರ ಶರತ್ಕಾಲದಲ್ಲಿ, ಮೆಕಾಂಗ್ ನದಿಯ ತೀರದಿಂದ, ಗಿಡಮೂಲಿಕೆಗಳನ್ನು ಸಂಗ್ರಹಿಸಲು ಹೋಗುವವರಂತೆ ಅವರು ಹೊರಟರು. ಜೊತೆಯಲ್ಲಿದ್ದ ಇಬ್ಬರು ಕೂಲಿಯಾಳುಗಳನ್ನು ಬೇರೆ ಬೇರೆ ನೆವದಿಂದ ಬೇರೆ ಬೇರೆ ದಾರಿಯಲ್ಲಿ ಹಿಂದಕ್ಕೆ ಕಳುಹಿಸಿದರು. ಅನಂತರ ವೇಷ ಬದಲಾಯಿತು. ಅಲೆಕ್ಸಾಂಡ್ರಾ ತನ್ನ ಕಂದು ಕೂದಲಿಗೆ ಚೀನೀ ಮಸಿಯನ್ನು ಬಳಿದು, ಚಮರೀಮೃಗದ ಕಪ್ಪು ಕೂದಲಿನ ಜಡೆಗಳನ್ನು ಸೇರಿಸಿಕೊಂಡಳು. ಕೋಕೋ ಪುಡಿಯನ್ನೂ ಇದ್ದಲಿನ ಪುಡಿಯನ್ನೂ ಬೆರೆಸಿ ಮುಖಕ್ಕೆ ಹಚ್ಚಿಕೊಂಡಳು. ಕೈಗಳ ಬಿಳುಪು ಕಾಣಿಸಿಕೊಂಡಾಗಲೆಲ್ಲ ಪಾತ್ರೆಯ ತಳದ ಮಸಿಯನ್ನು ಉಜ್ಜಿಕೊಳ್ಳುತ್ತಿದ್ದಳು. ಹೊದೆಯಲು ಕಂಬಳಿಯೂ ಇಲ್ಲ. ಒಂದು ಸಣ್ಣ ಬಟ್ಟೆಯ ಡೇರೆಯೇ ಕೆಲವು ರಾತ್ರಿ ಹೊದಿಕೆಯಾಗುತ್ತಿತ್ತು. ಒಂದೇ ಒಂದು ಅಡುಗೆಯ ಪಾತ್ರೆ. ಬಟ್ಟೆಯ ಒಳಗೆ ದಿಕ್ಸೂಚಿ, ಪಿಸ್ತೂಲು ಮತ್ತು ಸ್ವಲ್ಪ ಬೆಳ್ಳಿಯ ನಾಣ್ಯ. ಹುರಿದ ಬಾರ್ಲಿಯ ಹಿಟ್ಟಾದ ತ್ಸಂಪಾ ಮತ್ತು ಬೆಣ್ಣೆ ಬೆರೆಸಿದ ಚಹಾ, ಇವೇ ಅವರ ಆಹಾರ. ಗಡಿಯ ಠಾಣೆಗಳನ್ನು ದಾಟುವವರೆಗೆ ಹಗಲೆಲ್ಲ ಕಾಡಿನಲ್ಲಿ ಅಡಗಿದ್ದು, ರಾತ್ರಿಯಲ್ಲಿ ನಡೆದರು.

ವೇಷವು ಕಣ್ಣನ್ನು ವಂಚಿಸಬಹುದು. ಕಿವಿಯನ್ನು ವಂಚಿಸುವುದು ಸುಲಭವಲ್ಲ. ಒಂದು ಮಾತು ತಪ್ಪಿದರೆ, ಚಹಾದ ಬಟ್ಟಲನ್ನು ಹಿಡಿಯುವ ರೀತಿ ತಪ್ಪಿದರೆ, ನಾಲ್ಕು ತಿಂಗಳ ಶ್ರಮವೆಲ್ಲ ಮಣ್ಣುಪಾಲು. ಹತ್ತು ವರ್ಷಗಳ ಕಲಿಕೆಯು ಆಕೆಯನ್ನು ಕಾಪಾಡಿದ್ದು ಇಲ್ಲಿ. ಉಚ್ಚಾರಣೆಯಲ್ಲಿ ಯಾರಿಗಾದರೂ ವ್ಯತ್ಯಾಸ ಕಂಡರೆ, ತಾನು ದೂರದ ಸೀಮೆಯವಳೆಂದು ಹೇಳಿದರೆ ಸಾಕಾಗುತ್ತಿತ್ತು. ಯೋಂಗ್ದೆನ್‌ನ ನೆರವು ಇದಕ್ಕಿಂತಲೂ ದೊಡ್ಡದು. ಲಾಮಾ ಬಂದಿದ್ದಾನೆಂದು ಹಳ್ಳಿಯವರು ಅವನನ್ನು ಮುತ್ತಿಕೊಂಡು ಭವಿಷ್ಯ ಕೇಳುತ್ತಿದ್ದರು. ಅವನು ಶಾಸ್ತ್ರ ನೋಡಿ ಹೇಳುತ್ತ, ಎಲ್ಲರ ದೃಷ್ಟಿಯನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಿದ್ದನು. ಆ ಹೊತ್ತಿನಲ್ಲಿ ‘ತಾಯಿ’ಯು ಒಲೆಯ ಮಗ್ಗುಲಲ್ಲಿ ಮೌನವಾಗಿ ಕುಳಿತು, ಮನೆಯವರ ಮಾತುಕತೆಯನ್ನು ಕೇಳುತ್ತಿದ್ದಳು. ಸಾಲದ ಹೊರೆ, ತೆರಿಗೆಯ ಕಾಟ, ಮಗಳ ಮದುವೆ, ಕಳೆದುಹೋದ ದನ—ಇಂಥ ಮಾತುಗಳು ಅಧಿಕಾರದ ಮುದ್ರೆಯೊಡನೆ ಕುದುರೆಯೇರಿ ಬಂದವರ ಕಿವಿಗೆ ಬೀಳುವುದುಂಟೇ?

ಮನುಷ್ಯರ ಕಣ್ಣನ್ನು ತಪ್ಪಿಸಿಕೊಂಡರೂ ನಿಸರ್ಗದ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಒಂದೆಡೆ ಆಳವಾದ ನದಿಯನ್ನು ಹಗ್ಗದ ಮೇಲೆ ಜಾರಿಕೊಂಡು ದಾಟಬೇಕಾಯಿತು. ಒಬ್ಬ ಹುಡುಗಿಯೊಡನೆ ಅಲೆಕ್ಸಾಂಡ್ರಾಳನ್ನು ಹಗ್ಗಕ್ಕೆ ಬಿಗಿದು ಆಚೆಯ ದಡದಿಂದ ಎಳೆಯುತ್ತಿದ್ದಾಗ, ಎಳೆಯುವ ಹಗ್ಗವೇ ಹರಿದುಹೋಯಿತು. ಕೆಳಗೆ ಭೋರ್ಗರೆಯುವ ಪ್ರವಾಹ. ನಡುವೆ ತೂಗಾಡುವ ಎರಡು ಜೀವಗಳು. ಅಂಬಿಗರಲ್ಲೊಬ್ಬನು ಹಗ್ಗದ ಮೇಲೆ ತೆವಳಿ ಬಂದು ಅದನ್ನು ಸರಿಪಡಿಸುವವರೆಗೆ ಅವರು ಹಾಗೆಯೇ ಕಾಯಬೇಕಾಯಿತು. ಮತ್ತೊಂದು ರಾತ್ರಿ ಹಿಮಾವೃತವಾದ ಕಣಿವೆಯ ಮೇಲೆ ಬೆಂಕಿ ಹೊತ್ತಿಸಲು ನೋಡಿದರೆ ಚಕಮಕಿ ಕಲ್ಲೂ ಹಾವಸೆಯ ಬತ್ತಿಯೂ ನೆನೆದುಹೋಗಿದ್ದವು. ಹಿಮಾಲಯದ ತಪಸ್ವಿಗಳಲ್ಲಿ ‘ತುಮ್ಮೊ’ ಎಂಬ ಸಾಧನೆಯಿದೆ. ಉಸಿರಾಟ ಮತ್ತು ಏಕಾಗ್ರತೆಗಳಿಂದ ದೇಹದ ಶಾಖವನ್ನು ಹೆಚ್ಚಿಸಿಕೊಳ್ಳುವ ವಿದ್ಯೆ ಅದು. ಚಕಮಕಿಯನ್ನು ಬಟ್ಟೆಯೊಳಗೆ ಮೈಗೆ ಒತ್ತಿಕೊಂಡು ಆ ಸಾಧನೆಯಿಂದಲೇ ಅದನ್ನು ಒಣಗಿಸಿದೆನೆಂದು ಆಕೆ ಬರೆದಿದ್ದಾಳೆ.

ಡಿಸೆಂಬರ್ ತಿಂಗಳಲ್ಲಿ, ಜನವಸತಿಯಿಲ್ಲದ ಬೆಟ್ಟಗಳ ನಡುವೆ, ಯೋಂಗ್ದೆನ್ ಜಾರಿಬಿದ್ದು ಕಾಲು ಉಳುಕಿಸಿಕೊಂಡನು. ಹಿಮವು ಎಡೆಬಿಡದೆ ಸುರಿಯುತ್ತಿತ್ತು. ತ್ಸಂಪಾ ಮುಗಿಯಿತು. ಪಾದರಕ್ಷೆಗೆ ಸವರಲು ಇಟ್ಟುಕೊಂಡಿದ್ದ ಕೊಬ್ಬಿನ ತುಂಡನ್ನೂ ಅಟ್ಟೆಗೆಂದು ತಂದಿದ್ದ ತೊಗಲಿನ ಚೂರುಗಳನ್ನೂ ನೀರಿನಲ್ಲಿ ಕುದಿಸಿ ಕುಡಿದು ಅವರು ಜೀವ ಹಿಡಿದುಕೊಂಡರು. ಕುಂಟುವ ಮಗನಿಗೆ ತಾಯಿ ಊರುಗೋಲಾದಳು. ಮುಂದಿನ ಹಳ್ಳಿಗಳಲ್ಲಿ, ತಮಗೇ ಉಣ್ಣಲು ಸಾಲದ ಬಡವರು, ಬಾಗಿಲಿಗೆ ಬಂದ ಈ ಇಬ್ಬರಿಗೂ ಬೊಗಸೆ ಹಿಟ್ಟು ನೀಡಿ, ಒಲೆಯ ಬಳಿ ಜಾಗ ಕೊಟ್ಟರು.

ಹೀಗೆ ನಾಲ್ಕು ತಿಂಗಳು ನಡೆದು ಅವರು ಲ್ಹಾಸಾವನ್ನು ಸೇರಿದರು. ನಗರವನ್ನು ಸಮೀಪಿಸಿದಾಗ ಧೂಳಿನ ಬಿರುಗಾಳಿಯೆದ್ದು, ಪೊಟಾಲಾವನ್ನೂ ದಾರಿಹೋಕರನ್ನೂ ಪರದೆಯೆಳೆದಂತೆ ಮರೆಮಾಡಿತು. ಅಪರಿಚಿತ ಹೆಂಗಸೊಬ್ಬಳು ತಾನಾಗಿ ಬಂದು, ಭಿಕ್ಷುಕರು ತಂಗುವ ಛತ್ರದಂಥ ಮನೆಯೊಂದರಲ್ಲಿ ಅವರಿಗೆ ಕೋಣೆ ತೋರಿಸಿದಳು. ಆಗ ಹೊಸವರ್ಷದ ಉತ್ಸವದ ಕಾಲ. ನಾಡಿನ ಮೂಲೆಮೂಲೆಗಳಿಂದ ಜನ ಬಂದು ನೆರೆದಿದ್ದರು. ಹುಣ್ಣಿಮೆಯ ರಾತ್ರಿ, ಬಣ್ಣದ ಬೆಣ್ಣೆಯಿಂದ ರಚಿಸಿದ ಬೃಹತ್ ಕಲಾಕೃತಿಗಳನ್ನು ದೀಪದ ಬೆಳಕಿನಲ್ಲಿ ಆಕೆ ಜನಜಂಗುಳಿಯ ನಡುವೆ ನಿಂತು ಕಂಡಳು. ಪೊಟಾಲಾ ಅರಮನೆಗೆ ಹೋದಾಗ ಬಾಗಿಲಲ್ಲಿ ಟೋಪಿಯನ್ನು ತೆಗೆಯಬೇಕೆಂಬ ಆಜ್ಞೆಯಾಯಿತು. ಮಸಿ ಮಾಸಿದ ಕಂದು ಕೂದಲು ಒಂದು ಬಣ್ಣ. ಕಟ್ಟಿದ ಜಡೆಗಳು ಇನ್ನೊಂದು ಬಣ್ಣ! ಆದರೆ ಬಡ ಯಾತ್ರಿಕಳ ತಲೆಯನ್ನು ದಿಟ್ಟಿಸಿ ನೋಡುವವರಾರು? ಹೀಗೆ ಎರಡು ತಿಂಗಳ ಕಾಲ ಆಕೆ ಆ ನಗರದಲ್ಲಿ ಯಾರ ಸಂಶಯಕ್ಕೂ ಎಡೆಗೊಡದೆ ಇದ್ದಳು.

ಗುಟ್ಟು ಬಯಲಾದದ್ದು ಲ್ಹಾಸಾ ಬಿಟ್ಟ ಮೇಲೆ. ಭಾರತದ ಕಡೆಗೆ ಬರುವ ಹಾದಿಯಲ್ಲಿ ಗ್ಯಾಂತ್ಸೆ ಎಂಬ ಪಟ್ಟಣವಿದೆ. ೧೯೨೪ರ ಮೇ ತಿಂಗಳಲ್ಲಿ ಅಲ್ಲಿನ ಬ್ರಿಟಿಷರ ನೆಲೆಗೆ ಬಂದ ಹರಕು ಬಟ್ಟೆಯ ಹೆಂಗಸು ತಾನು ಯಾರೆಂಬುದನ್ನು ತಿಳಿಸಿದಾಗ ಅಲ್ಲಿದ್ದವರು ದಿಗ್ಭ್ರಾಂತರಾದರು. ಆಕೆಯ ಪ್ರವಾಸಕಥನವು ೧೯೨೭ರಲ್ಲಿ ಪ್ರಕಟವಾಗಿ ಲೋಕದ ಗಮನವನ್ನು ಸೆಳೆಯಿತು. ಮುಂದೆ ಆಕೆ ಫ್ರಾನ್ಸಿನ ದಿಞ್ ಎಂಬ ಊರಿನಲ್ಲಿ ನೆಲೆಸಿ ಅನೇಕ ಗ್ರಂಥಗಳನ್ನು ರಚಿಸಿದಳು. ಯೋಂಗ್ದೆನ್ ೧೯೫೫ರಲ್ಲಿ ತೀರಿಕೊಂಡನು. ನೂರು ತುಂಬಿದಾಗಲೂ ಆಕೆ ತನ್ನ ಪಾಸ್‌ಪೋರ್ಟನ್ನು ನವೀಕರಿಸಿಕೊಂಡಳಂತೆ! ೧೯೬೯ರ ಸೆಪ್ಟೆಂಬರ್ ೮ರಂದು ಆಕೆ ನಿಧನ ಹೊಂದಿದಳು. ೧೯೭೩ರಲ್ಲಿ ಆಕೆಯ ಮತ್ತು ಯೋಂಗ್ದೆನ್‌ನ ಚಿತಾಭಸ್ಮವನ್ನು ಕಾಶಿಯಲ್ಲಿ ಗಂಗೆಗೆ ಒಪ್ಪಿಸಲಾಯಿತು. ಒಟ್ಟಿಗೆ ನಡೆದವರು ಒಟ್ಟಿಗೇ ಹರಿದುಹೋದರು.

ಇಂದು ಲ್ಹಾಸಾಕ್ಕೆ ವಿಮಾನವಿದೆ. ೨೦೦೬ರಿಂದ ರೈಲೂ ಇದೆ. ನಾಲ್ಕು ತಿಂಗಳ ನಡಿಗೆಯನ್ನು ನೆನೆದರೆ ಇದು ಕನಸಿನಂತೆ ತೋರುತ್ತದೆ. ಆದರೂ ಬಾಗಿಲು ಪೂರ್ತಿಯಾಗಿ ತೆರೆದಿಲ್ಲ. ಟಿಬೆಟ್ ಈಗ ಚೀನಾದ ಆಡಳಿತದಲ್ಲಿದೆ. ಅಲ್ಲಿಗೆ ಹೋಗುವ ವಿದೇಶೀಯರು ವಿಶೇಷ ಅನುಮತಿಪತ್ರವನ್ನು ಪಡೆಯಬೇಕು. ಮಾರ್ಗದರ್ಶಕನೊಡನೆ, ಮೊದಲೇ ಗೊತ್ತುಪಡಿಸಿದ ದಾರಿಯಲ್ಲಿ ಸಾಗಬೇಕು. ಗಡಿಯ ಸೀಮೆಗಳಿಗೆ ಹೋಗಲು ಬೇರೆಯ ಅನುಮತಿಗಳೂ ಬೇಕು. ಇಷ್ಟಬಂದಂತೆ ಒಬ್ಬರೇ ಅಲೆದಾಡುವುದಕ್ಕೆ ಅವಕಾಶವಿಲ್ಲ. ನಿಯಮವನ್ನು ಮೀರಿದವನು ಹಿಂದಕ್ಕೆ ಹೋಗಬಹುದು. ಅವನಿಗೆ ನೆರವಾದ ಸ್ಥಳೀಯನು ಅಲ್ಲಿಯೇ ಉಳಿದು ಉತ್ತರ ಹೇಳಬೇಕಾಗುತ್ತದೆ. ಲಾಚೆನ್ ಹಳ್ಳಿಯವರ ಕಥೆಯನ್ನು ಪ್ರವಾಸಿಯಾದವನು ಮರೆಯಬಾರದು.

ಆದುದರಿಂದ ಅಲೆಕ್ಸಾಂಡ್ರಾಳ ಬದುಕಿನಲ್ಲಿ ನಾವು ಅನುಸರಿಸಬೇಕಾದುದು ಗಡಿ ದಾಟಿದ ಸಾಹಸವನ್ನಲ್ಲ. ಅದಕ್ಕೆ ಮುನ್ನ ಆಕೆ ಪಟ್ಟ ಶ್ರಮವನ್ನು. ಒಂದು ನಾಡನ್ನು ನೋಡುವ ಮೊದಲು ಅದರ ಭಾಷೆಯನ್ನು ಆಕೆ ಕಲಿತಳು. ಅದರ ಗ್ರಂಥಗಳನ್ನು ಓದಿದಳು. ಅದರ ಬಡವರ ಅನ್ನವನ್ನು ಅವರ ಪಕ್ಕದಲ್ಲಿಯೇ ಕುಳಿತು ಉಂಡಳು. ಅನುಮತಿಪತ್ರವು ಗಡಿಯ ಬಾಗಿಲನ್ನು ತೆರೆಯಬಲ್ಲದು. ಮನೆಯ ಬಾಗಿಲನ್ನೂ ಮನಸ್ಸಿನ ಬಾಗಿಲನ್ನೂ ತೆರೆಯುವ ಪತ್ರವನ್ನು ಯಾವ ಸರ್ಕಾರವೂ ಬರೆದುಕೊಡಲಾರದು. ಅದನ್ನು ಪ್ರವಾಸಿಯು ತಾನೇ ಕಷ್ಟಪಟ್ಟು ಸಂಪಾದಿಸಿಕೊಳ್ಳಬೇಕು.

ಅಭ್ಯಾಸ

೧. ಟಿಬೆಟ್ಟಿನ ಆಡಳಿತವು ಹೊರಗಿನವರನ್ನು ಒಳಗೆ ಬಿಡಲು ಏಕೆ ಹೆದರುತ್ತಿತ್ತು? ೧೯೦೪ರ ಒಪ್ಪಂದದಿಂದ ಆದ ಪರಿಣಾಮವೇನು?
೨. ‘ದಾಟಿದವಳು ಒಬ್ಬಳು, ತೆತ್ತವರು ಹಳ್ಳಿಯವರು’—ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
೩. ಅಲೆಕ್ಸಾಂಡ್ರಾಳ ಯಾತ್ರೆಯಲ್ಲಿ ಯೋಂಗ್ದೆನ್ ವಹಿಸಿದ ಪಾತ್ರವನ್ನು ಬರೆಯಿರಿ.
೪. ಬಡ ಯಾತ್ರಿಕಳ ವೇಷವು ಆಕೆಗೆ ರಕ್ಷಣೆಯನ್ನಲ್ಲದೆ ಬೇರೆ ಏನನ್ನು ನೀಡಿತು?
೫. ಮುಂದಿನ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ: ತೌರುಮನೆ, ಮಣ್ಣುಪಾಲು, ಎಡೆಬಿಡದೆ, ಊರುಗೋಲು.